ರಾಜೀನಾಮೆ ಬರೆದುಕೊಡಬೇಡ ಮಗಳೇ

ಡೊಂಬಿವಲಿ

ಮಗಳೇ,

ಪುಣೆಯ ಹಿಂಜವಡಿಯ ನಿನ್ನ ಕಂಪನಿಯಲ್ಲಿ ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಮೀಟಿಂಗ್ ರೂಮಿಗೆ ಕರೆಯುತ್ತಿದ್ದಾರೆ ಎಂದೆಯಲ್ಲ. ಮಾತು ಮೆತ್ತಗೇ ಶುರುವಾಗುತ್ತದೆ: "ಪೋರ್ಟಲ್‌ನಲ್ಲಿ ನೀವೇ ರಾಜೀನಾಮೆ ಹಾಕಿ, ಕಾರಣ 'ವೈಯಕ್ತಿಕ' ಅಂತಿರಲಿ, ಅನುಭವ ಪತ್ರ ಚೆನ್ನಾಗಿ ಬರುತ್ತೆ." ಹಾಕಬೇಡ. ನಿನ್ನ ತಪ್ಪಿಲ್ಲದೆ ಕಂಪನಿಯೇ ತೆಗೆದರೆ ಅದು ಕಾನೂನಿನಲ್ಲಿ ರಿಟ್ರೆಂಚ್‌ಮೆಂಟ್: 1 ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ, ಜೊತೆಗೆ ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ನಿನ್ನ 6 ವರ್ಷಕ್ಕೆ 90 ದಿನದ್ದಾಯಿತು. 1947ರ ಕೈಗಾರಿಕಾ ವಿವಾದ ಕಾಯ್ದೆ ಹೋಗಿ 2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದರೂ ಈ ಲೆಕ್ಕ ಬದಲಾಗಿಲ್ಲ. ನೀನಾಗಿ ಬಿಟ್ಟೆ ಎಂದಾದರೆ ಮಾತ್ರ ಅದು ಸೊನ್ನೆ.

"ನೀವು ಟೀಮ್ ಲೀಡ್, ಇದೆಲ್ಲ ನಿಮಗಿಲ್ಲ" ಎಂದಾರು. ಈ ರಕ್ಷಣೆ ಕಾರ್ಮಿಕರಿಗೆ, ಮ್ಯಾನೇಜರುಗಳಿಗಲ್ಲ ಎಂಬುದು ಅವರ ವಾದ. ತೀರ್ಮಾನವಾಗುವುದು ಪದನಾಮ ನೋಡಿ ಅಲ್ಲ, ಮಾಡುವ ಕೆಲಸ ನೋಡಿ. ದಿನದ ಬಹುಪಾಲು ಕೋಡ್ ಬರೆಯುತ್ತಿದ್ದು, ಯಾರ ರಜೆ, ಅಪ್ರೈಸಲ್ಲೂ ನಿನ್ನ ಕೈಯಲ್ಲಿಲ್ಲದಿದ್ದರೆ ನಿನ್ನ ಪಕ್ಷ ಗಟ್ಟಿ.

ರೂಮಿನಲ್ಲಿ ಇಷ್ಟೇ ಹೇಳು: "ಬರವಣಿಗೆಯಲ್ಲಿ ಕೊಡಿ, ಓದಿ ಉತ್ತರಿಸುತ್ತೇನೆ." ಒತ್ತಡಕ್ಕೆ ರಾಜೀನಾಮೆ ಹಾಕಿಬಿಟ್ಟರೆ ಅವರು ಅಂಗೀಕರಿಸುವ ಮೊದಲೇ, ಅವತ್ತೇ, ಹಿಂಪಡೆದಿದ್ದೇನೆ ಎಂದು ಮೇಲ್ ಹಾಕು. ಯಾರು ಕರೆದರು, ಎಷ್ಟು ಹೊತ್ತಿಗೆ, ಏನೆಂದರು, ಎಲ್ಲ ಅದರಲ್ಲಿರಲಿ. ಸ್ವಂತ ಜಿಮೇಲ್‌ನಿಂದಲೇ ಕಳಿಸು; ರೂಮಿನಿಂದ ಹೊರಬರುವಷ್ಟರಲ್ಲಿ ಆಫೀಸಿನ ಲಾಗಿನ್ ಹೋಗಿರಬಹುದು. ಅದಕ್ಕೇ ನೇಮಕಾತಿ ಪತ್ರ, ಪೇಸ್ಲಿಪ್, ಅಪ್ರೈಸಲ್ ಪತ್ರ ಇವತ್ತೇ ಇಳಿಸಿಟ್ಟುಕೋ. ಕ್ಲೈಂಟಿನ ಒಂದು ಫೈಲನ್ನೂ ಮುಟ್ಟಬೇಡ, ಅದನ್ನೇ ಹಿಡಿದು ಶಿಸ್ತುಕ್ರಮ ಅಂತಾರೆ.

ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಕಂಪನಿ ಕೊಡುವ ಇಡಿಗಂಟು, ಬೇರೆ. 5 ವರ್ಷ ದಾಟಿದೆ, ನೀನೇ ಬಿಟ್ಟರೂ ಬರುತ್ತದೆ. ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನ 40,000 ಎಂದಿಟ್ಟುಕೋ: 26ರಿಂದ ಭಾಗಿಸಿ 15ರಿಂದ, ಮತ್ತೆ 6ರಿಂದ ಗುಣಿಸಿದರೆ ಸುಮಾರು 1,38,461 ರೂಪಾಯಿ. 30 ದಿನದೊಳಗೆ ಕೊಡಬೇಕು. ಬಾಕಿ ಸಂಬಳ ವೇತನ ಸಂಹಿತೆಯಂತೆ 2 ಕೆಲಸದ ದಿನದಲ್ಲಿ. "45 ದಿನ ನಮ್ಮ ಪಾಲಿಸಿ" ಎಂದರೆ ಪಾಲಿಸಿ ಕಾನೂನಿಗಿಂತ ದೊಡ್ಡದಲ್ಲ. "ಇನ್ಯಾವ ಬಾಕಿಯೂ ಇಲ್ಲ" ಎಂಬ ಕಾಗದಕ್ಕೆ ದುಡ್ಡು ಖಾತೆಗೆ ಬೀಳುವ ಮುಂಚೆ ಸಹಿ ಬೇಡ.

ಪಿಎಫ್‌ಗೆ ಅವಸರವಿಲ್ಲ. ಬಿಟ್ಟ ದಿನಾಂಕ ಅವರು ಹಾಕದಿದ್ದರೆ 2 ತಿಂಗಳಾದ ಮೇಲೆ ಯುಎಎನ್ (ನಿನ್ನ ಪಿಎಫ್ ಖಾತೆಯ ನಂಬರು) ಪೋರ್ಟಲ್‌ನಲ್ಲಿ ನೀನೇ ಹಾಕಬಹುದು.

ಕಂಪನಿ ಬಗ್ಗದಿದ್ದರೆ ಪುಣೆಯ ಕಾಮಗಾರ (ಕಾರ್ಮಿಕ) ಆಯುಕ್ತರ ಕಚೇರಿಗೆ ಹೋಗು. ಯೂನಿಯನ್ ಬೇಕಿಲ್ಲ, ಒಬ್ಬಳೇ ಅರ್ಜಿ ಕೊಡಬಹುದು. ಮರಾಠಿಯಲ್ಲಿ ಬರೆದರೆ ಕೆಲಸ ಹಗುರ. ನಿನ್ನ ಪ್ರತಿಯ ಮೇಲೆ ಆವಕ್ (ಅರ್ಜಿ ಸ್ವೀಕರಿಸಿದ) ನಂಬರು, ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡ. ವಿವಾದ ಎದ್ದು 2 ವರ್ಷ ದಾಟಿದರೆ ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ.

ಅಪ್ಪ