ಕ್ರಾಫ್ಟ್‌ನ ಹೆಬ್ಬೆರಳು

ಪ್ರೀತಿಯ ತಮ್ಮಾ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಆಂಟೊನಿನ್ ಕ್ರಾಫ್ಟ್‌ನಂಥ ಚೆಕ್ ಚೆಲ್ಲೊ (ಕೂತು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ವಾದಕನ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನಿಸಿತಲ್ಲ, ಅದೇ ಖುಷಿ. ಆದರೆ ಆಸ್ಟ್ರಿಯಾದ ಸಂಗೀತ ರಚನೆಕಾರ ಹೇಡನ್ ಕ್ರಾಫ್ಟ್‌ನ ಕೃತಿಯನ್ನು ತನ್ನದು ಮಾಡಿಕೊಂಡ ಅನ್ನೋ ಹಾಗೆ 'ಹೇಡನ್ ಕದ್ದ ಸಂಗೀತ' ಅಂತ ಶೀರ್ಷಿಕೆ ಹಾಕಿದ್ದೀಯಲ್ಲ, ಅದನ್ನು ಮೊದಲು ತೆಗೆದುಬಿಡು.

ಕಥೆಯೇನೋ ರುಚಿಯಾಗಿದೆ. ಡಿ ಮೇಜರ್ ಚೆಲ್ಲೊ ಕನ್ಸರ್ಟೊ (ವಾದ್ಯಮೇಳದ ಜೊತೆ ಚೆಲ್ಲೊ ಮುಖ್ಯವಾಗಿ ನುಡಿಯುವ ಕೃತಿ) 1804ರಲ್ಲಿ ಹೇಡನ್ ಹೆಸರಿನಲ್ಲೇ ಅಚ್ಚಾಯಿತು. 1837ರಲ್ಲಿ ಒಂದು ಜರ್ಮನ್ ಸಂಗೀತ ಕೋಶ ಅದನ್ನು ಕ್ರಾಫ್ಟ್ ಬರೆದದ್ದು ಎಂದಿತು. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಆ ಅನುಮಾನ ಓಡಾಡಿತು. ಕೊನೆಗೆ 1950ರ ದಶಕದಲ್ಲಿ ಹೇಡನ್‌ನ ಕೈಬರಹದ ಪ್ರತಿಯೇ ಸಿಕ್ಕಿತು, ಸಹಿ ಸಮೇತ, 1783ನೇ ಇಸವಿ ಸಮೇತ. ಅಲ್ಲಿಗೆ ವ್ಯಾಜ್ಯ ಮುಗಿಯಿತು. ನೀನು ಮಾತ್ರ 'ಆದರೂ ಅನುಮಾನ ಉಳಿಯುತ್ತದೆ' ಅಂತ ಬರೆದಿದ್ದೀಯ. ಯಾರಿಗಪ್ಪಾ ಉಳಿಯುವುದು? ಶೀರ್ಷಿಕೆ ಉಳಿಸಿಕೊಳ್ಳಬೇಕಾದ ನಿನಗೆ, ಅಷ್ಟೇ.

ಅದಕ್ಕಿಂತ ಒಳ್ಳೆ ಪ್ರಶ್ನೆಯೊಂದು ಅಲ್ಲೇ ಬಿದ್ದಿದೆ. ಅದು ಕ್ರಾಫ್ಟ್‌ನದು ಅಂತ ಅಷ್ಟು ಜನ ಅಷ್ಟು ವರ್ಷ ಯಾಕೆ ನಂಬಿದರು? ಆ ಕನ್ಸರ್ಟೊ ಕೇಳು. ಸುಮ್ನೆ ಹಿನ್ನೆಲೆಯಲ್ಲಿ ಹಾಕಿಕೊಂಡು ಅಲ್ಲ, ಕೂತು ಕೇಳು. ಚೆಲ್ಲೊ ಎಷ್ಟು ಮೇಲಿನ ಸ್ವರಗಳಿಗೆ ಹೋಗುತ್ತದೆ ನೋಡು. ಅಲ್ಲಿ ಎಡಗೈ ಹೆಬ್ಬೆರಳು ವಾದ್ಯದ ಕತ್ತಿನ ಹಿಂದೆ ಇರುವುದಿಲ್ಲ, ಮುಂದೆ ಬಂದು ತಂತಿಯನ್ನೇ ಒತ್ತುತ್ತದೆ. ಉಳಿದ ಬೆರಳುಗಳು ಅದರ ಆಸರೆಯಲ್ಲಿ ಓಡುತ್ತವೆ. ಹೆಬ್ಬೆರಳು ಒಂದು ತಂತಿ ಮೇಲೆ, ಇನ್ನೊಂದು ಬೆರಳು ಪಕ್ಕದ ತಂತಿ ಮೇಲೆ, ಎರಡು ಸ್ವರ ಒಟ್ಟಿಗೆ. ಹೇಡನ್‌ಗೆ ಚೆಲ್ಲೊದಲ್ಲಿ ಆ ಕೈ ಇರಲಿಲ್ಲ. ಕ್ರಾಫ್ಟ್‌ಗೆ ಇತ್ತು. ಹೇಡನ್ ಬರೆದದ್ದು ಅವನ ಕೈಯನ್ನು ನೋಡಿಕೊಂಡೇ. ಅಂದರೆ ಬರೆದವನು ಒಬ್ಬ, ಆ ಬರಹದೊಳಗೆ ಕೂತಿರುವ ಕೈ ಇನ್ನೊಬ್ಬನದು. ನಿನ್ನ ಲೇಖನ ಇರುವುದು ಇಲ್ಲಿ. ಕಳ್ಳತನದ ಕಥೆಗಿಂತ ಇದು ಚೆನ್ನಾಗಿಲ್ವಾ?

ಬೀಥೋವನ್‌ನ ಟ್ರಿಪಲ್ ಕನ್ಸರ್ಟೊ ಕೂಡ ಹೀಗೇ. ಅದರ ಚೆಲ್ಲೊ ಭಾಗ ಕ್ರಾಫ್ಟ್‌ಗಾಗಿ ಬರೆದದ್ದು. ಪಿಯಾನೊ, ಪಿಟೀಲು, ಚೆಲ್ಲೊ ಮೂರೂ ಇವೆ, ಆದರೆ ಕೃತಿಯ ಮೂರು ಖಂಡಗಳಲ್ಲೂ ಆ ಮೂರರಲ್ಲಿ ಮೊದಲು ಬಾಯಿ ತೆರೆಯುವುದು ಚೆಲ್ಲೊ, ಅದೂ ಎತ್ತರದ ದನಿಯಲ್ಲಿ. ಇದನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಬಾಲ್ಯಕ್ಕೆ ಮಾತ್ರ ಎರಡು ಪುಟ!

ಆ ಎರಡು ಪುಟದ ಬಗ್ಗೆಯೂ ಒಂದು ಮಾತು. 1749ರಲ್ಲಿ ಚೆಕ್ ನಾಡಿನ ರೊಕಿತ್ಸನಿಯಲ್ಲಿ ಹುಟ್ಟಿದ, ಅಪ್ಪ ಬಿಯರ್ ತಯಾರಿಸುತ್ತಿದ್ದ, ಚೆಲ್ಲೊದ ಮೊದಲ ಪಾಠ ಅಪ್ಪನದೇ. ಇಷ್ಟು ಸರಿ. ಆದರೆ ಮಳೆ ಸುರಿಯುವ ರಾತ್ರಿ, ಕಿಟಕಿ ಪಕ್ಕ ಅಳುತ್ತಾ ಕೂತ ಹುಡುಗ, ಇವೆಲ್ಲ ಎಲ್ಲಿಂದ ಬಂದವು? ನಿನ್ನ ವಯಸ್ಸಿನಲ್ಲಿ ನಾನೂ ಇದೇ ಮಾಡಿದ್ದೆ. ನಾಗಸ್ವರದ ವಿದ್ವಾಂಸರೊಬ್ಬರ ಬಗ್ಗೆ ಬರೆಯುವಾಗ ಕೊನೆಯ ಕಛೇರಿಯಲ್ಲಿ ಅವರ ಕಣ್ಣಲ್ಲಿ ನೀರು ತರಿಸಿಬಿಟ್ಟೆ. ಅವರ ಮಗಳು ಫೋನ್ ಮಾಡಿ, 'ಅಪ್ಪ ಅತ್ತಿದ್ದನ್ನ ನೀವು ನೋಡಿದ್ರಾ ಅಕ್ಕಾ?' ಅಂತ ಕೇಳಿದರು. ಜಗಳವಾಡಿದ್ದರೆ ಮರೆತುಬಿಡುತ್ತಿದ್ದೆನೇನೋ. ಅವರು ಸುಮ್ಮನೆ ಕೇಳಿದರು.

1778ರಿಂದ 1790ರವರೆಗೆ ಎಸ್ಟರ್ಹಾಜಿ ದೊರೆಯ ವಾದ್ಯಮೇಳದಲ್ಲಿ ಕೆಲಸ, ದೊರೆ ಸತ್ತ ಮೇಲೆ ಮೇಳ ಚದುರಿತು, ಮುಂದೆ ಲೋಬ್ಕೊವಿಟ್ಸ್ ದೊರೆಯ ಆಶ್ರಯ. ಇದಕ್ಕೆಲ್ಲ ಒಂದು ಪ್ಯಾರಾ ಸಾಕು. ಕ್ರಾಫ್ಟ್ ತಾನೇ ಬರೆದ ಸಿ ಮೇಜರ್ ಕನ್ಸರ್ಟೊಗೆ ಇನ್ನೊಂದು ಕೊಡು. ಅದು ಹೇಡನ್‌ನ ಕೃತಿಯಷ್ಟೇ ದೊಡ್ಡದು ಅಂತ ನೀನು ವಾದಿಸಿದ್ದೀಯ. ನನಗೆ ಹಾಗನಿಸುವುದಿಲ್ಲ. ಬೆರಳುಗಳ ಸಂಭ್ರಮ ಅಲ್ಲಿ ಧಾರಾಳವಾಗಿದೆ, ಹಾಡು ಸ್ವಲ್ಪ ಕಡಿಮೆ. ಹಾಗಂತ ಬರೆದರೆ ಅವನೇನೂ ಸಣ್ಣವನಾಗುವುದಿಲ್ಲ. 1789ರ ಡ್ರೆಸ್ಡೆನ್ ಬಿಡಬೇಡ. ಕ್ರಾಫ್ಟ್ ಮೊಜಾರ್ಟ್ ಜೊತೆ ಕೂತು ಮೊಜಾರ್ಟ್‌ನದೇ ತಂತಿವಾದ್ಯಗಳ ಟ್ರಿಯೊ (ಮೂರು ವಾದ್ಯಗಳ ಕೃತಿ) ನುಡಿಸಿದ್ದು ಅಲ್ಲೇ. ಜೊತೆಗಿದ್ದ ಕ್ರಾಫ್ಟ್‌ನ ಮಗ ನಿಕೊಲಾಸ್‌ಗೆ ಆಗ ಹತ್ತು ವರ್ಷ. ಮುಂದೆ ಅವನೂ ದೊಡ್ಡ ಚೆಲ್ಲೊ ವಾದಕನಾದ.

ನೀನು ಪೂರ್ತಿ ಬಿಟ್ಟಿರುವುದು ಮುದಿತನವನ್ನು. ಕ್ರಾಫ್ಟ್ ಅಂದರೆ ಜರ್ಮನ್‌ನಲ್ಲಿ ಶಕ್ತಿ. ಬೀಥೋವನ್ ಅವನನ್ನು 'ಹಳೇ ಶಕ್ತಿ' ಅಂತ ತಮಾಷೆ ಮಾಡುತ್ತಿದ್ದನಂತೆ. ಅದೇ ಬೀಥೋವನ್ ಆಸ್ಟ್ರಿಯಾದ ರಾಜಕುಮಾರ ಆರ್ಚ್‌ಡ್ಯೂಕ್ ರುಡಾಲ್ಫ್‌ಗೆ ಬರೆದ ಒಂದು ಕಾಗದ ಇದೆ. ಮುದುಕ ಕ್ರಾಫ್ಟ್ ನನ್ನ ಹತ್ತಿರ ಬಂದಿದ್ದ, ನಿಮ್ಮ ಅರಮನೆಯಲ್ಲಿ ಇರಲು ಜಾಗ ಸಿಗಬಹುದೇ ಅಂತ ಕೇಳುತ್ತಿದ್ದಾನೆ, ಬದಲಿಗೆ ಕರೆದಾಗೆಲ್ಲ ಬಂದು ನುಡಿಸುತ್ತಾನೆ ಎನ್ನುತ್ತಾನೆ. ಇಪ್ಪತ್ತು ವರ್ಷ ಲೋಬ್ಕೊವಿಟ್ಸ್ ಮನೆಯಲ್ಲಿದ್ದ, ಬಹಳ ಕಾಲ ಸಂಬಳವೇ ಇರಲಿಲ್ಲ, ಈಗ ಇದ್ದ ಕೋಣೆಯನ್ನೂ ಪರಿಹಾರವಿಲ್ಲದೆ ಬಿಡಬೇಕಾಗಿದೆ. ಕಾಗದದ ಸಾರಾಂಶ ಇಷ್ಟು. ಅಷ್ಟು ದೊಡ್ಡ ಕೈ ಇರಲೊಂದು ಕೋಣೆ ಹುಡುಕುತ್ತಿತ್ತು. ಇದಕ್ಕೆ ಮಳೆ ಬೇಕಾ ಹೇಳು?

ವಿಯೆನ್ನಾದಲ್ಲಿ 1820ರ ಆಗಸ್ಟ್‌ನಲ್ಲಿ ತೀರಿಕೊಂಡ. ಅದಕ್ಕೆ ಒಂದೇ ಸಾಲು ಸಾಕು.

ತಿದ್ದಿದ ಪ್ರತಿ ಕಳಿಸು, ಅವಸರವೇನಿಲ್ಲ. ಹಾಂ, ರೊಕಿತ್ಸನಿಯನ್ನು ಮೂರು ಕಡೆ ಮೂರು ಥರ ಬರೆದಿದ್ದೀಯ. ಯಾವುದಾದರೂ ಒಂದು ಇಟ್ಟುಕೊ.

ಇಂತಿ,
ನಿನ್ನ ಅಕ್ಕ