ಹೆಬ್ಬಾತು ತರುವ ಮುಂಚೆ ಕೊಕ್ಕಿನ ಬುಡ ನೋಡಿ

ಮಾನ್ಯ ಸಂಪಾದಕರೇ,

ತೋಟದಲ್ಲಿ ಹೆಬ್ಬಾತು ಸಾಕುವ ಬಗ್ಗೆ ನಿಮ್ಮ ಕೃಷಿ ಪುಟದಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಯಾವ ತಳಿ ತರಬೇಕು ಅನ್ನುವ ಮಾತೇ ಅದರಲ್ಲಿ ಇರಲಿಲ್ಲ. ನಾನು ಏಮಾರಿದ್ದು ಅಲ್ಲೇ, ಅದಕ್ಕೇ ಈ ಪತ್ರ.

ಮೂರು ವರ್ಷದ ಹಿಂದೆ ನಮ್ಮ ತೆಂಗಿನ ತೋಟಕ್ಕೆ ನಾಲ್ಕು ಮರಿ ತಂದೆ. ಮಾರಿದವರು ‘ಎಂಬ್ಡೆನ್, ಜರ್ಮನಿ ತಳಿ, ಎಂಟು ಕೆಜಿ ಮೇಲೇ ತೂಗುತ್ತದೆ’ ಅಂದರು, ದುಡ್ಡೂ ಹಾಗೇ ಜಾಸ್ತಿ ತೆಗೆದುಕೊಂಡರು. ಮರಿಯಲ್ಲಿ ಏನು ತಿಳಿಯುತ್ತದೆ, ನಾಲ್ಕೂ ಹಳದಿ ಉಂಡೆ. ಬೆಳೆಯುತ್ತಾ ಹೋದ ಹಾಗೆ ಕತ್ತು ಸಪೂರವಾಗಿ ಉದ್ದ ಆಯಿತು, ಕೊಕ್ಕು ಹಣೆಗೆ ಸೇರುವ ಕಡೆ ಕಿತ್ತಳೆ ಬಣ್ಣದ ಗಂಟು ಎದ್ದಿತು. ಬೆರಳಿಟ್ಟರೆ ಅಡಿಕೆ ಮುಟ್ಟಿದ ಹಾಗೆ ಗಟ್ಟಿ. ಎಂಬ್ಡೆನ್‌ಗೆ ಈ ಗಂಟು ಇರುವುದೇ ಇಲ್ಲ. ಗಂಟಿದ್ದರೆ ಅದು ಸಾಮಾನ್ಯವಾಗಿ ಚೀನಾ ತಳಿ, ಇಲ್ಲವೇ ಬೆರಕೆ. ಎಂಬ್ಡೆನ್, ಚೀನಾ ಎರಡರ ಮೂಲ ಕಾಡುಹಕ್ಕಿ ಬೇರೆ ಬೇರೆ, ಆದರೂ ಕೂಡಿ ಮರಿ ಮಾಡುತ್ತವೆ, ಹಾಗಾಗಿ ಮರಿ ನೋಡಿ ಅಲ್ಲ, ತಾಯಿ ತಂದೆಯನ್ನು ನೋಡಿ ತರಬೇಕು.

ತಮಾಷೆ ಅಂದರೆ ಈಗ ಯಾರಾದರೂ ನಿಜವಾದ ಎಂಬ್ಡೆನ್ ಕೊಟ್ಟರೂ ನನಗೆ ಬೇಡ. ಎಂಬ್ಡೆನ್, ಟುಲೂಸ್ ಎಲ್ಲ ಮಾಂಸಕ್ಕೆ ಬೆಳೆಸಿದ ಭಾರದ ತಳಿ. ನಾಲ್ಕೈದು ಹಕ್ಕಿ ಸಾಕುವ ನಮಗೆ ಅಷ್ಟು ಮಾಂಸ ಯಾಕೆ? ಚೀನಾದ್ದು ನಾಲ್ಕೈದು ಕೆಜಿ, ಓಡಾಡಿಕೊಂಡು ಬದುವಿನ ಗರಿಕೆ ಮೇಯುತ್ತದೆ, ಸಂಜೆ ಒಂದಿಷ್ಟು ರಾಗಿ, ತೌಡು ಸಾಕು. ಹೆಬ್ಬಾತುಗಳಲ್ಲಿ ಮೊಟ್ಟೆ ಜಾಸ್ತಿ ಇಡುವುದೂ ಇದೇ. ಕಾವಲಿಗಂತೂ ಕೇಳಲೇಬೇಡಿ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ವಿಸ್ಕಿ ಗೋದಾಮು ಕಾಯಲಿಕ್ಕೆ 1959ರಿಂದ ಹೆಬ್ಬಾತಿನ ಹಿಂಡನ್ನೇ ಇಟ್ಟಿದ್ದರು. ಹಾವು ತಿನ್ನುತ್ತವೆ ಅನ್ನುವುದು ಮಾತ್ರ ಸುಮ್ನೆ ಮಾತು. ಹಾವು ಕಂಡರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತವೆ, ಮಿಕ್ಕಿದ್ದು ನಾವೇ ನೋಡಿಕೊಳ್ಳಬೇಕು.

ಆದರೆ ಮನೆಗೆ ಮನೆ ಅಂಟಿಕೊಂಡಿರುವ ಕಡೆ ಈ ತಳಿ ಬೇಡವೇ ಬೇಡ. ರಾತ್ರಿ ಎರಡು ಗಂಟೆಗೆ ಹೆಗ್ಗಣ ಓಡಿದರೂ ಶುರು ಮಾಡಿಕೊಳ್ಳುತ್ತವೆ. ಇನ್ನೊಂದು, ಗಂಡು ಎಷ್ಟು ಅಂತ ನೋಡಿಕೊಳ್ಳಿ. ಗಂಡಿಗೆ ಗಂಟು ದಪ್ಪ. ನನ್ನ ನಾಲ್ಕರಲ್ಲಿ ಎರಡು ಗಂಡಾಗಿ, ಮೊಟ್ಟೆ ಕಾಲ ಬಂದಾಗ ರೆಕ್ಕೆಯಲ್ಲಿ ಬಡಿದಾಡಿ, ಬಿಡಿಸಲು ಹೋದ ನನ್ನ ತೊಡೆಯನ್ನೂ ಕಚ್ಚಿದವು. ಕೊನೆಗೆ ಒಂದನ್ನು ಭಾವಮೈದನ ತೋಟಕ್ಕೆ ಸಾಗಿಸಿದೆ. ಮೂರು ನಾಲ್ಕು ಹೆಣ್ಣಿಗೆ ಒಂದು ಗಂಡು ಸಾಕು.

ಗಂಟಿರುವ ತಲೆ, ಗಂಟಿಲ್ಲದ ತಲೆ, ಎರಡರ ಫೋಟೋ ಅಕ್ಕಪಕ್ಕ ಹಾಕಿ ನೀವು ಒಮ್ಮೆ ಛಾಪಿಸಿದರೆ ನನ್ನಂಥವರ ದುಡ್ಡು ಉಳಿಯುತ್ತದೆ. ಬೆಳ್ಳಗಿದ್ದ ಮಾತ್ರಕ್ಕೆ ಇದನ್ನೇ ‘ಹಂಸ’ ಅಂತ ಮಾರುವವರೂ ಇದ್ದಾರೆ, ಅವರ ವಿಚಾರ ಇನ್ನೊಂದು ಸಲ ಬರೆಯುತ್ತೇನೆ.

– ಒಬ್ಬ ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು