ಗೆಳೆಯನಿಗೊಂದು ಪತ್ರ: ವಿಮಾ ಕಂಪನಿಗಳ ಹಳೆಯ ಪಾಲಿಸಿಗಳ ಹೊರೆ

ಪ್ರಿಯ ಗೆಳೆಯ,

ವಿಮಾ ಕಂಪನಿಯೊಂದರ ಷೇರು ಕೊಳ್ಳುವ ಮುನ್ನ ಆ ವ್ಯವಹಾರದ ಅಪಾಯಗಳನ್ನು ತಿಳಿಸೆಂದು ಕೇಳಿದ್ದೀಯೆ. ಭೂಕಂಪ, ಚಂಡಮಾರುತಗಳೇ ಅದರ ದೊಡ್ಡ ಶತ್ರುಗಳೆಂದು ನೀನು ಭಾವಿಸಿರುವಂತಿದೆ. ನನಗಾದರೋ, ಕಂಪನಿ ಹಿಂದೆಂದೋ ಬರೆದುಕೊಟ್ಟ ಪಾಲಿಸಿಗಳ ಬಗ್ಗೆಯೇ ಹೆಚ್ಚು ಭಯ.

ಬೇರೆ ವ್ಯಾಪಾರಿಗಳು ತಗಲಿದ ಖರ್ಚನ್ನು ನೋಡಿಕೊಂಡು ಬೆಲೆ ಕಟ್ಟುತ್ತಾರೆ. ವಿಮಾ ಕಂಪನಿಗೆ ಮೊದಲು ಪ್ರೀಮಿಯಂ ಬರುತ್ತದೆ, ಖರ್ಚು ಎಷ್ಟೆಂಬುದು ತಿಳಿಯುವುದು ಆಮೇಲೆ. ಕಾರಿಗೆ ಪೆಟ್ಟಾದರೆ ಲೆಕ್ಕ ಬೇಗ ಮುಗಿಯುತ್ತದೆ, ಆದರೆ ಹೊಣೆಗಾರಿಕೆ ವಿಮೆಯ, ಅಂದರೆ ಗ್ರಾಹಕನಿಂದ ಇತರರಿಗಾದ ಹಾನಿಗೆ ಪರಿಹಾರ ಕಟ್ಟಿಕೊಡುವ ವಿಮೆಯ, ಲೆಕ್ಕ ಹಾಗಲ್ಲ. ಕಲ್ನಾರಿನ (ಆಸ್‌ಬೆಸ್ಟಾಸ್) ಧೂಳು ಉಸಿರಾಡಿದ ಕಾರ್ಮಿಕರಲ್ಲಿ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳೇ ಹಿಡಿದುದರಿಂದ, ಎಂದೋ ಮುಗಿದುಹೋದವೆಂದುಕೊಂಡಿದ್ದ ಪಾಲಿಸಿಗಳ ಮೇಲೆ ದಾವೆಗಳು ಬಂದು ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯೇ ಅಲುಗಾಡಿತು. 1992 ಮತ್ತು ಅದಕ್ಕೂ ಹಿಂದಿನ ವರ್ಷಗಳ ಹೊಣೆಯನ್ನು 1996ರಲ್ಲಿ ಇಕ್ವಿಟಾಸ್ ಎಂಬ ಪ್ರತ್ಯೇಕ ಕಂಪನಿಗೆ ವರ್ಗಾಯಿಸಬೇಕಾಯಿತು. ಮುಂದೆ ಬರಬಹುದಾದ ಕ್ಲೇಮುಗಳಿಗೆ ಎಷ್ಟು ಹಣ ತೆಗೆದಿಡಬೇಕೆಂಬುದು ಅಂದಾಜಿನ ಮಾತು; ಆ ಅಂದಾಜನ್ನು ತುಸು ಇಳಿಸಿದರೆ ಸಾಕು, ಈ ವರ್ಷದ ಲಾಭ ಏರುತ್ತದೆ. ಆಸ್ಟ್ರೇಲಿಯದ ಎಚ್‌ಐಎಚ್ ಕಂಪನಿ 2001ರಲ್ಲಿ ಕುಸಿದದ್ದಕ್ಕೆ ಮುಖ್ಯ ಕಾರಣ ಹೀಗೆ ತೆಗೆದಿಟ್ಟ ಹಣ ಸಾಲದೆ ಹೋದದ್ದೇ. ಪ್ರತಿಸ್ಪರ್ಧಿಗಳಿಗಿಂತ ಅಗ್ಗವಾಗಿ ಪಾಲಿಸಿ ಮಾರಿ ಶರವೇಗದಲ್ಲಿ ಬೆಳೆಯುವ ಕಂಪನಿಯನ್ನು ಕಂಡರೆ ನನಗೆ ಅನುಮಾನ ಬರುವುದು ಇದಕ್ಕಾಗಿಯೇ.

ಜೀವವಿಮೆಯಲ್ಲಿ ಅಪಾಯ ಸಾವಿಗಿಂತ ಬಡ್ಡಿದರದಿಂದಲೇ ಹೆಚ್ಚು. ಬಡ್ಡಿ ಏರಿದ್ದ ಕಾಲದಲ್ಲಿ ದೊಡ್ಡ ಪ್ರತಿಫಲದ ಖಾತರಿ ಕೊಟ್ಟಿದ್ದ ಜಪಾನಿನ ಕಂಪನಿಗಳಿಗೆ, ದರ ಕುಸಿದ ಮೇಲೆ ಹೂಡಿಕೆಯಿಂದ ಅಷ್ಟು ಗಳಿಸಲಾಗಲಿಲ್ಲ. 1997ರಲ್ಲಿ ನಿಸ್ಸಾನ್ ಮ್ಯೂಚುವಲ್ ಲೈಫ್ ಬಿದ್ದಿತು, 2001ರ ಹೊತ್ತಿಗೆ ಒಟ್ಟು ಏಳು ಜೀವವಿಮಾ ಕಂಪನಿಗಳು ದಿವಾಳಿಯಾಗಿದ್ದವು. ಬ್ರಿಟನ್ನಿನ ಇಕ್ವಿಟಬಲ್ ಲೈಫ್ ಸ್ಥಾಪನೆಯಾದದ್ದು 1762ರಲ್ಲಿ. ಹಳೆಯ ಪಾಲಿಸಿಗಳಲ್ಲಿ ಖಾತರಿ ಕೊಟ್ಟಿದ್ದ ಪಿಂಚಣಿ ದರವನ್ನು ಅದು ಗೌರವಿಸಲೇಬೇಕೆಂಬ ತೀರ್ಪು 2000ದಲ್ಲಿ ಹೊರಬಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಹೊಸ ಗ್ರಾಹಕರಿಗೆ ಬಾಗಿಲು ಮುಚ್ಚಿತು. ಬಡ್ಡಿ ಥಟ್ಟನೆ ಏರಿದರೂ ನೆಮ್ಮದಿಯಿಲ್ಲ: ಕೈಯಲ್ಲಿರುವ ಬಾಂಡುಗಳ ಬೆಲೆ ಇಳಿಯುತ್ತದೆ, ಅದೇ ಹೊತ್ತಿಗೆ ಪಾಲಿಸಿದಾರರು ಹಣ ಹಿಂಪಡೆಯಲು ಸಾಲುಗಟ್ಟಬಹುದು.

ನೈಸರ್ಗಿಕ ವಿಕೋಪಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 1992ರ ಆಂಡ್ರ್ಯೂ ಚಂಡಮಾರುತದ ನಂತರ ಫ್ಲಾರಿಡಾದಲ್ಲಿ ಹಲವು ಕಂಪನಿಗಳು ಮುಳುಗಿದವು, ಏಕೆಂದರೆ ಒಂದೇ ಕರಾವಳಿಯ ಮನೆಗಳಿಗೆ ಅವು ಮಿತಿಮೀರಿ ವಿಮೆ ಮಾಡಿದ್ದವು. ಇದಕ್ಕೆ ಮರುವಿಮೆಯೆಂಬ, ಅಂದರೆ ವಿಮಾ ಕಂಪನಿ ತಾನೇ ಬೇರೊಂದು ಕಂಪನಿಯಿಂದ ಕೊಳ್ಳುವ ವಿಮೆಯ, ಔಷಧವಿದೆ, ಆದರೆ ದೊಡ್ಡ ನಷ್ಟವಾದ ಮರುವರ್ಷ ಅದರ ಬೆಲೆಯೂ ಏರುತ್ತದೆ. ಮರುವಿಮೆ ಕೊಟ್ಟವರೇ ಹಣ ಕಟ್ಟಲಾರದೆ ಹೋದರೆ ಹೊಣೆಯೆಲ್ಲ ಮೂಲ ಕಂಪನಿಯ ತಲೆಗೇ ಬರುತ್ತದೆ. ಸುಳ್ಳು ಕ್ಲೇಮುಗಳು, ಸೈಬರ್ ದಾಳಿ, ಸರ್ಕಾರದ ನಿಯಮಗಳ ಬದಲಾವಣೆ ಇವೂ ಇವೆ. ಅವು ಬಹುತೇಕ ಎಲ್ಲ ಹಣಕಾಸು ಸಂಸ್ಥೆಗಳಿಗೂ ಸಾಮಾನ್ಯವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. ಇನ್ನು ಅಮೆರಿಕದ ವಿಮಾ ಕಂಪನಿ ಎಐಜಿಯನ್ನು 2008ರಲ್ಲಿ ಉರುಳಿಸಿದ್ದು ವಿಮೆಗಿಂತ ಹೆಚ್ಚಾಗಿ ಅದರ ಒಂದು ವಿಭಾಗ ಸಾಲಪತ್ರಗಳ ಮೇಲೆ ಕೊಟ್ಟಿದ್ದ ಖಾತರಿಗಳು. ಅಮೆರಿಕದ ಕೇಂದ್ರ ಬ್ಯಾಂಕು ಮೊದಲ ಕಂತಿನಲ್ಲೇ 85 ಶತಕೋಟಿ ಡಾಲರ್ ಸಾಲದ ಆಸರೆ ಕೊಡಬೇಕಾಯಿತು.

ವಾರ್ಷಿಕ ವರದಿ ಕೈಗೆ ಬಂದಾಗ ಅಧ್ಯಕ್ಷರ ಭಾಷಣವನ್ನು ಪಕ್ಕಕ್ಕಿಟ್ಟು, ಹಿಂದಿನ ವರ್ಷಗಳ ಕ್ಲೇಮುಗಳ ಅಂದಾಜು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆಯೆಂಬ ಕೋಷ್ಟಕವನ್ನು ಹುಡುಕು. ಆ ಅಂಕಿಗಳು ಸತತವಾಗಿ ಮೇಲಕ್ಕೇ ತಿದ್ದಲ್ಪಟ್ಟಿದ್ದರೆ, ಷೇರು ಕೊಳ್ಳುವ ಮೊದಲು ನನಗೊಮ್ಮೆ ಬರೆ.

ನಿನ್ನ ಗೆಳೆಯ